ಕೆಂಡಕ್ಕೂ ಪೆಟ್ಟಿಗೆಗೂ ಒಂದೇ ಹೆಸರು

ನಮ್ಮೂರ ಹಾಲ್‌ನ ಹೊರಗೋಡೆಯ ಮೇಲಿರುವ ಹಳದಿ ಪೆಟ್ಟಿಗೆಗೂ ನನ್ನ ಅಣ್ಣನಿಗೂ ಹೆಸರು ಒಂದೇ ಎಂದು ಕಂಡುಹಿಡಿದವರು ಫೆರ್ಗಲ್ ಮಾಸ್ತರರು. ರಿಟೈರಾದ ಮೇಲೆ ಅವರಿಗೆ ಬೇರೆ ಕೆಲಸವಿರಲಿಲ್ಲ. ನಿಂತುಹೋದ ಹೃದಯಕ್ಕೆ ಕರೆಂಟಿನ ಏಟು ಕೊಟ್ಟು ಎಬ್ಬಿಸುವ ಯಂತ್ರ ಆ ಪೆಟ್ಟಿಗೆಯೊಳಗಿದೆ. ಮುಚ್ಚಳದ ಮೇಲೆ ಎ, ಇ, ಡಿ ಎಂದು ಮೂರು ದಪ್ಪ ಅಕ್ಷರ. ಅಣ್ಣ ಏಣಿ ಹತ್ತಿ ಅದನ್ನು ಗೋಡೆಗೆ ಕೂರಿಸುತ್ತಿದ್ದ ದಿನ ಮಾಸ್ತರರು ಕೆಳಗೆ ನಿಂತು ಕನ್ನಡಕ ಸರಿಮಾಡಿಕೊಂಡು, ಅದು ನಿನ್ನ ಹೆಸರೇ ಅಲ್ಲವೇನೋ ಎಂದರು. ಸಾವಿರ ವರ್ಷದ ಹಿಂದೆ ಮಠದ ಸನ್ಯಾಸಿಗಳು ಚರ್ಮದ ಹಾಳೆಯ ಮೇಲೆ ಏಡ್ ಎಂಬ ಹೆಸರನ್ನು ಬರೆಯುತ್ತಿದ್ದದ್ದು ಇದೇ ಮೂರು ಅಕ್ಷರಗಳಲ್ಲಂತೆ. ನಮ್ಮ ಹಳೆಯ ಗೇಲಿಕ್ ನುಡಿಯಲ್ಲಿ ಏಡ್ ಎಂದರೆ ಬೆಂಕಿ. ಆ ಹೆಸರಿನ ಅರಸರೆಷ್ಟೋ, ಸಂತರೆಷ್ಟೋ. ಇಂಗ್ಲಿಷರು ಬಂದು ಅದನ್ನು ಹ್ಯೂ ಮಾಡಿದರು, ಊರಿನವರು ಹ್ಯೂ ಅನ್ನು ಹ್ಯೂಯಿ ಮಾಡಿದರು. ಅರಸರಿಂದ ಶುರುವಾದ ಹೆಸರು ಕೊನೆಗೆ ಮೊಣಕಾಲಿಗೆ ತೇಪೆ ಹಾಕಿದ ಪ್ಯಾಂಟಿನ ನನ್ನ ಅಣ್ಣನ ಹತ್ತಿರ ಬಂದು ನಿಂತಿತು.

ಏಣಿ ಹಿಡಿದುಕೊಂಡಿದ್ದ ಶಾರ್ಲಸ್ ಸುಮ್ಮನಿರುತ್ತಾನೆಯೇ? ಅವನು ನಮ್ಮ ಪಕ್ಕದ ಮನೆಯವನು, ಮೀನಿನ ದೋಣಿಯವನು, ಬಾಯಿಗೆ ಬೀಗವಿಲ್ಲ. ಅವನ ಮಗ ದುಬೈನಲ್ಲಿದ್ದಾನೆ. ಅಲ್ಲಿನ ದುಡ್ಡಿನ ಮುಂದೆಯೂ ಇದೇ ಮೂರು ಅಕ್ಷರ ಬರೆಯುತ್ತಾರಂತೆ. ಹ್ಯೂಯಿ, ನೀನು ಅಲ್ಲಿ ದುಡ್ಡು, ಇಲ್ಲಿ ಕರೆಂಟು, ಸಂತರ ಪಟ್ಟಿಯಲ್ಲಿ ಸಂತ ಎಂದು ಹಂಗಿಸಿದ.

"ಬೆಂಕಿನೂ ನಾನೇ, ಕರೆಂಟೂ ನಾನೇ, ದುಡ್ಡೂ ನಾನೇ," ಎಂದ ಅಣ್ಣ ಏಣಿಯ ಮೇಲಿಂದಲೇ. "ಒಂದಿನ ರಜಾ ಕೊಡ್ರಪ್ಪ."

ಎಲ್ಲರೂ ನಕ್ಕರು. ಅಂದಿನಿಂದ ಊರಿನ ಬಾಯಲ್ಲಿ ಅದು ಹ್ಯೂಯಿ ಪೆಟ್ಟಿಗೆಯಾಯಿತು. ರಜೆಯ ಮಾತನ್ನು ಮಾತ್ರ ಅವನು ತಮಾಷೆಗೆ ಆಡಿರಲಿಲ್ಲ ಎಂದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು.

ನಮ್ಮ ಪೋರ್ಟ್‌ನಕಾಲಿಯಲ್ಲಿ ನಮ್ಮ ಮನೆಯ ಬೆಂಕಿ ಅಜ್ಜನ ಅಜ್ಜನ ಕಾಲದಿಂದ ಆರಿಲ್ಲ ಎಂದು ಹೇಳುತ್ತಾರೆ. ನಾನು ಆಣೆ ಇಡಲಾರೆ, ನಡುವೆ ಯಾರಾದರೂ ಕದ್ದು ಬೆಂಕಿಕಡ್ಡಿ ಗೀರಿದ್ದರೆ ನೋಡಿದವರು ಯಾರು? ಆದರೆ ನಾನು ಕಂಡ ಮಟ್ಟಿಗೆ ಆರಿಲ್ಲ. ರಾತ್ರಿ ಮಲಗುವ ಮುಂಚೆ ಒಲೆಯ ಕೆಂಡಗಳನ್ನು ಒಟ್ಟುಗೂಡಿಸಿ, ಜೌಗಿನಲ್ಲಿ ಕಡಿದು ಒಣಗಿಸಿದ ಟರ್ಫ್ ಹೆಂಟೆಯೊಂದನ್ನು ನಡುವೆ ಇಟ್ಟು, ಸಂತ ಬ್ರಿಜಿಟ್ ತಾಯಿಯ ಪ್ರಾರ್ಥನೆ ಹೇಳುತ್ತ ಬೂದಿ ಮುಚ್ಚಬೇಕು. ಬೆಳಗ್ಗೆ ಬೂದಿ ಸರಿಸಿದರೆ ಕೆಂಡ ಕಣ್ಣು ಬಿಡುತ್ತದೆ. ಪ್ರತಿ ತಲೆಮಾರಿನ ಹಿರಿಯ ಮಗನಿಗೆ ಏಡ್ ಎಂದು ಹೆಸರಿಡುವುದು, ಕೆಂಡ ಕಾಯುವ ಕೆಲಸ ಅವನದೇ ಆಗುವುದು, ಇದು ನಮ್ಮ ಮನೆಯ ರೂಢಿ. ಊರಲ್ಲಿ ಮದುವೆಯಾಗಿ ಹೊಸ ಮನೆ ಹೂಡುವವರು ಒಂದು ಸಲಿಕೆ ಕೆಂಡ ಒಯ್ಯುತ್ತಿದ್ದದ್ದು ನಮ್ಮ ಒಲೆಯಿಂದಲೇ. ಶಾರ್ಲಸನ ತಾಯಿ ಪೆಗ್ಗಿ ಮದುವಣಗಿತ್ತಿಯಾಗಿ ಗಾಳಿಗೆ ಶಾಲು ಅಡ್ಡ ಹಿಡಿದು ಕೆಂಡ ಒಯ್ದದ್ದನ್ನು ನಮ್ಮಮ್ಮ ಕಥೆಯ ಹಾಗೆ ಹೇಳುತ್ತಿದ್ದಳು. ಈಗ ಎಲ್ಲರ ಮನೆಯಲ್ಲೂ ಎಣ್ಣೆಯ ಬಾಯ್ಲರು ಬಂದಿದೆ. ಮುದುಕಿ ಪೆಗ್ಗಿ ಮಾತ್ರ ಸೊಸೆಯ ಬಾಯಿಂದ ಬೈಸಿಕೊಂಡಾದರೂ ತನ್ನ ಕೋಣೆಯ ಒಲೆಯನ್ನು ಬಿಟ್ಟಿಲ್ಲ.

ಅಣ್ಣ ದಿನಾ ಬೆಳಗ್ಗೆ ಬೂದಿ ಸರಿಸಿ ಒಂದೇ ಒಂದು ಮಾತು ಕೂಗುತ್ತಿದ್ದ: "ಇದೆ." ನಾವೆಲ್ಲ ಹಾಸಿಗೆಯಲ್ಲಿ ಅದನ್ನು ಕೇಳಿಸಿಕೊಂಡ ಮೇಲೆಯೇ ಏಳುತ್ತಿದ್ದೆವು. ತಮ್ಮಂದಿರು ಸ್ಕಾಟ್ಲೆಂಡಿಗೆ ಸುರಂಗ ಕೊರೆಯಲು ಹೋದರು, ಅಲ್ಲೇ ಉಳಿದರು. ನಾನು ಗ್ಲಾಸ್ಗೋದಲ್ಲಿ ಬಸ್ ಕಂಡಕ್ಟರಾಗಿದ್ದೆ, ಮದುವೆಯಾದೆ, ಗಂಡನನ್ನು ಮಣ್ಣು ಮಾಡಿದೆ, ಆಮೇಲೆ ಊರಿಗೆ ವಾಪಸಾದೆ. ಬಂದ ಮರುದಿನ ಬೆಳಗ್ಗೆ "ಇದೆ" ಎಂಬ ಕೂಗು ಕೇಳಿ ತಲೆದಿಂಬಿಗೆ ಮುಖ ಒತ್ತಿ ಅತ್ತೆ. ಒಬ್ಬ ಮನುಷ್ಯ ಅಷ್ಟು ವರ್ಷ ಒಂದು ರಾತ್ರಿಯೂ ಹೊರಗೆ ಮಲಗದೆ ಇದ್ದದ್ದರಿಂದಲೇ ಆ ಕೂಗು ಉಳಿದಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ. ನನಗೆ ಬೆಚ್ಚಗಾಗಿತ್ತು, ಅಷ್ಟೇ.

ಪೆಟ್ಟಿಗೆಯ ಉಸ್ತುವಾರಿ ನನ್ನ ಕೊರಳಿಗೆ ಬಿದ್ದದ್ದು ಹೇಗೆಂದರೆ, ಪೆಟ್ಟಿಗೆಗಾಗಿ ಊರಿನವರು ಸೇರಿದ ಸಭೆಯ ದಿನ ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ದೊಡ್ಡಾಸ್ಪತ್ರೆ ನಮ್ಮಿಂದ ದೂರ, ಆಂಬುಲೆನ್ಸ್ ಬರುವಷ್ಟರಲ್ಲಿ ಹೆಣ ತಣ್ಣಗಾಗಿರುತ್ತದೆ. ಹಾಗಾಗಿ ಊರಿನವರೇ ತರಬೇತಿ ಪಡೆದು, ಒಂದು ಫೋನು ಇಟ್ಟುಕೊಂಡು, ಕರೆ ಬಂದಾಗ ಓಡಬೇಕು. ಮೊದಲು ಗುಂಪು ದೊಡ್ಡದಿತ್ತು. ಒಬ್ಬೊಬ್ಬರಾಗಿ ಕೈ ತೊಳೆದುಕೊಂಡರು. ಒಬ್ಬರಿಗೆ ಮೊಮ್ಮಕ್ಕಳು, ಒಬ್ಬರಿಗೆ ಸೊಂಟ ನೋವು. ಕೊನೆಗೆ ಉಳಿದದ್ದು ನಾನು ಮತ್ತು ಶಾರ್ಲಸ್. ಅವನು ದೋಣಿಯಲ್ಲಿದ್ದರೆ ಫೋನು ನನ್ನ ಏಪ್ರನ್ನಿನ ಜೇಬಿನಲ್ಲಿ. ಚರ್ಚಿನಲ್ಲೂ ಜೇಬಿನಲ್ಲಿ, ಕಕ್ಕಸಿಗೆ ಹೋದರೂ ಜೇಬಿನಲ್ಲಿ.

ನಿಜ ಹೇಳಬೇಕೆಂದರೆ ಪೆಟ್ಟಿಗೆ ಒಬ್ಬರನ್ನೂ ಎಬ್ಬಿಸಿರಲಿಲ್ಲ. ಶಾರ್ಲಸನ ಅಪ್ಪನನ್ನೂ ಎಬ್ಬಿಸಲಿಲ್ಲ. ಹೋಗುತ್ತಿದ್ದೆವು, ಎದೆ ಒತ್ತುತ್ತಿದ್ದೆವು, ಪೆಟ್ಟಿಗೆ ಇಂಗ್ಲಿಷಿನಲ್ಲಿ ಆಜ್ಞೆ ಕೊಡುತ್ತಿತ್ತು, ಜೀವಮಾನವಿಡೀ ಗೇಲಿಕ್‌ನಲ್ಲಿ ಜಗಳವಾಡಿದ ಮುದುಕರು ಅದಕ್ಕೆ ಕಿವಿಗೊಡದೆ ಹೊರಟುಹೋಗುತ್ತಿದ್ದರು. ಆಮೇಲೆ ಬಂದವರು ಹಾಗೇ ಹೋಗಲಾಗುತ್ತದೆಯೇ? ಅಡುಗೆಮನೆಗೆ ನುಗ್ಗಿ ಕೆಟಲ್ ಇಟ್ಟು, ಹೆಣ ಕಾಯಲು ಬರುವವರಿಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ನಿಲ್ಲುತ್ತಿದ್ದೆವು. ಎದೆ ಒತ್ತಿದ ಕೈಯಲ್ಲೇ ಬೆಣ್ಣೆ ಸವರಿ ಸವರಿ ನನಗೆ ಸಾಕುಸಾಕಾಗಿತ್ತು. ಒಂದೇ ಒಂದು ಸಲ ಯಾರಾದರೂ ಕಣ್ಣು ಬಿಡಬಾರದೇ ಎಂದು ಊರಿಗೆ ಊರೇ ಕಾಯುತ್ತಿತ್ತು.

ಪೆಟ್ಟಿಗೆ ಬಂದ ಕೆಲವು ವರ್ಷಗಳ ಮೇಲೆ ಒಂದು ವಸಂತದಲ್ಲಿ ಡಾಕ್ಟರು ಅಣ್ಣನ ಹೃದಯ ಸೋತಿದೆ ಎಂದರು. ಎಂಬತ್ತರ ಹತ್ತಿರ ಬಂದವನ ಹೃದಯ ಇನ್ನೇನು ಗೆಲ್ಲುತ್ತದೆ? ಟರ್ಫ್ ಕಡಿಯಬಾರದು, ಭಾರ ಎತ್ತಬಾರದು ಎಂದರು. ಹೃದಯ ನಿಂತರೆ ಎಬ್ಬಿಸಬೇಕೋ ಬೇಡವೋ ಎಂಬುದನ್ನೂ ಕೇಳಿದರಂತೆ, ಬೇಡವಾದರೆ ಒಂದು ಕಾಗದಕ್ಕೆ ಸಹಿ ಹಾಕಿ ಎಂದರಂತೆ. ಇವನು ಸಹಿ ಹಾಕದೆ ಎದ್ದು ಬಂದ. ಆ ರಾತ್ರಿ ಕೆಂಡ ಮುಚ್ಚಲು ಕೂತವನು ಇಕ್ಕಳವನ್ನು ನನ್ನ ಕಡೆ ಚಾಚಿ ಇನ್ನೊಂದು ತುದಿ ಹಿಡಿಯಲು ಹೇಳಿದ. ಒಲೆಯ ಮುಂದೆ ಇಕ್ಕಳ ಹಿಡಿದು ಆಡಿದ ಮಾತಿಗೆ ಎರಡಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹಳಬರು ಹೊಲದ ಗಡಿಯನ್ನೂ ಹೀಗೇ ತೀರ್ಮಾನಿಸುತ್ತಿದ್ದರು.

"ನಾಬ್ಲಾ, ನಾನು ಬಿದ್ರೆ ಆ ಪೆಟ್ಟಿಗೆ ತರಬೇಡ," ಎಂದ. "ಎದೆ ಒತ್ತಬೇಡ. ಬಿಟ್ಬಿಡು."

ಯಾಕೆ ಹೀಗೆ ಮಾತಾಡುತ್ತೀಯ ಎಂದೆ. ಸುಸ್ತಾಗಿದೆ ಎಂದ. ಮೈ ಸುಸ್ತಲ್ಲ, ಮೈ ಸುಸ್ತಾದರೆ ಮಲಗಿದರೆ ಹೋಗುತ್ತದೆ ಎಂದ. ಕಾಗದಕ್ಕೆ ಸಹಿ ಹಾಕಿದ್ದರೆ ಆಗುತ್ತಿತ್ತಲ್ಲ ಎಂದರೆ, ತಂಗಿಗೆ ಬಾಯಲ್ಲಿ ಹೇಳುವುದನ್ನು ಡಾಕ್ಟರಿಗೆ ಯಾಕೆ ಬರೆದುಕೊಡಲಿ ಎಂದ. ನಾನು ಇಕ್ಕಳದ ತುದಿ ಹಿಡಿದೆ. ಆಯಿತು ಎಂದೆ. ಶಾರ್ಲಸನಿಗೆ ಹೇಳಲಿಲ್ಲ, ಮಾಸ್ತರರಿಗೆ ಹೇಳಲಿಲ್ಲ. ಹೇಳಿದರೆ ಊರೆಲ್ಲ ಬಂದು ಅವನಿಗೆ ಬುದ್ಧಿ ಹೇಳುತ್ತಿತ್ತು. ಅದೂ ಅಲ್ಲದೆ, ಹೇಳಿಬಿಟ್ಟರೆ ಅದು ನಿಜವಾಗುತ್ತದೆ ಎಂಬ ಭಯ ನನಗೆ.

ಜೂನ್‌ನಲ್ಲಿ ಸಂತ ಯೋಹಾನನ ಹಬ್ಬದ ಹಿಂದಿನ ಸಂಜೆ ಕಡಲ ದಂಡೆಯಲ್ಲಿ ಊರಬೆಂಕಿ ಹೊತ್ತಿಸುತ್ತೇವೆ. ಹೊತ್ತಿಸುವವನು ಹ್ಯೂಯಿಯೇ, ಅವನ ಹೆಸರು ಅದಕ್ಕೇ ಇರುವುದು. ನಮ್ಮ ಒಲೆಯ ಕೆಂಡವನ್ನು ಬಕೆಟ್ಟಿನಲ್ಲಿ ಒಯ್ದು ಸೌದೆಯ ರಾಶಿಗೆ ಇಡುತ್ತಾನೆ. ಈ ಸಲ ಬಕೆಟ್ ನಾನು ಹಿಡಿಯುತ್ತೇನೆಂದರೆ ಕೇಳಲಿಲ್ಲ. ಇನ್ನೂ ಬೆಳಕಿತ್ತು, ಹುಡುಗರು ಕುಣಿಯುತ್ತಿದ್ದರು, ಒಬ್ಬ ಅಕಾರ್ಡಿಯನ್ ನುಡಿಸುತ್ತಿದ್ದ. ಬೆಂಕಿ ಹತ್ತಿಕೊಂಡಿತು. ಅಣ್ಣ ಎರಡು ಹೆಜ್ಜೆ ಹಿಂದೆ ಸರಿದು, ಟೋಪಿ ತೆಗೆದು, ಕೂರುವ ಹಾಗೆ ಮಂಡಿ ಮಡಚಿ ಮರಳಿನ ಮೇಲೆ ಉರುಳಿದ.

ಶಾರ್ಲಸ್ ಆಗಲೇ ಹಾಲ್‌ನ ಕಡೆ ಓಡುತ್ತಿದ್ದ. ನಾನು ಅಣ್ಣನ ಪಕ್ಕ ಕೂತೆ. ಆಡಿದ ಮಾತು ನೆನಪಿತ್ತು, ಮರೆತೆ ಎಂದು ಸುಳ್ಳು ಹೇಳಲಾರೆ. ಬಿಟ್ಟುಬಿಡು ಎಂದಿದ್ದ. ಬಿಡುತ್ತೇನೆ ಎಂದುಕೊಂಡೇ ಕೂತೆ. ಆದರೆ ಕೈಗಳು ನನ್ನ ಮಾತು ಕೇಳಲಿಲ್ಲ. ಅವು ಆಗಲೇ ಅವನ ಎದೆಯ ನಡುವೆ ಒಂದರ ಮೇಲೊಂದು ಕೂತಿದ್ದವು. ಇಷ್ಟು ವರ್ಷ ಕಲಿತದ್ದು ಅವು ಅದೊಂದನ್ನೇ. ಒತ್ತಿದೆ. ಪಕ್ಕೆಲುಬು ಲಟಕ್ಕೆಂದದ್ದು ಅಂಗೈಗೆ ತಿಳಿಯಿತು. ಶಾರ್ಲಸ್ ಪೆಟ್ಟಿಗೆ ತಂದ, ಅಂಗಿ ಹರಿದೆವು, ಎದೆಗೆ ಪೆಟ್ಟಿಗೆಯ ವೈರಿನ ಪಟ್ಟಿ ಅಂಟಿಸಿದೆವು. ಯಾರೂ ಮುಟ್ಟಬೇಡಿ ಎಂದಿತು ಪೆಟ್ಟಿಗೆ. ಎಲ್ಲರೂ ಹಿಂದೆ ಸರಿದರು. ಅವನ ಮೈ ಒಮ್ಮೆ ಎಗರಿತು. ಆಮೇಲೆ ಅವನು ಕೆಮ್ಮಿದ.

ಊರಿಗೆ ಹುಚ್ಚೇ ಹಿಡಿಯಿತು. ತಬ್ಬಿಕೊಂಡರು, ಅತ್ತರು. ತನ್ನ ಅಪ್ಪ ಸತ್ತಾಗ ಒಂದು ಹನಿ ಕಣ್ಣೀರು ಹಾಕದ ಶಾರ್ಲಸ್ ಈಗ ಮರಳಿನಲ್ಲಿ ಕೂತು ಗೋಳೋ ಎಂದು ಅತ್ತ. ಆಂಬುಲೆನ್ಸಿಗೆ ಹತ್ತಿಸುವಾಗ ಅಣ್ಣ ಕಣ್ಣು ಬಿಟ್ಟು ಒಬ್ಬೊಬ್ಬರನ್ನೇ ನೋಡಿದ. ನನ್ನ ಮುಖದ ಮೇಲೆ ಅವನ ಕಣ್ಣು ನಿಂತಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಸ್ಪತ್ರೆಯಲ್ಲಿ ಎದೆಯೊಳಗೇ ಒಂದು ಪುಟ್ಟ ಪೆಟ್ಟಿಗೆ ಇಡುತ್ತೇವೆ, ಹೃದಯ ತಪ್ಪಿದರೆ ಅದೇ ಏಟು ಕೊಡುತ್ತದೆ ಎಂದರಂತೆ. ಹೊರಗಿರುವ ಒಂದರ ಕಾಟವೇ ಸಾಕು ಎಂದನಂತೆ ಇವನು. ಹಾಗಾದರೆ ಆ ಕಾಗದಕ್ಕಾದರೂ ಸಹಿ ಹಾಕಿ ಎಂದು ಮತ್ತೆ ಕೇಳಿದರು. ನಾನು ಪಕ್ಕದಲ್ಲೇ ಇದ್ದೆ.

"ಬೇಡ ಡಾಕ್ಟ್ರೇ," ಎಂದ. "ಇಕ್ಕಳ ಹಿಡಿದು ಆಡಿದ ಮಾತನ್ನೇ ಮುರಿದವಳು, ಕಾಗದ ಹರಿಯಲ್ವಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು.

ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನ ಮುದುಕಿ ಪೆಗ್ಗಿ ಬಂದು ನಮ್ಮ ಕೆಂಡ ಮುಚ್ಚಿದ್ದಳು. ಮನೆಗೆ ಬಂದ ರಾತ್ರಿ ಅವನು ಒಲೆಯ ಹತ್ತಿರ ಹೋಗಲಿಲ್ಲ. ಇಕ್ಕಳವನ್ನು ನನ್ನ ಕುರ್ಚಿಗೆ ಒರಗಿಸಿಟ್ಟು, ಎಬ್ಬಿಸಿದವಳು ನೀನು, ಇನ್ನು ನೀನೇ ಕಾಯಿ ಎಂದು ಹೇಳಿ ಮಲಗಲು ಹೋದ. ಸರಿ, ನಾನೇ ಮುಚ್ಚಿದೆ. ಪ್ರಾರ್ಥನೆ ಅರ್ಧ ಮರೆತುಹೋಗಿತ್ತು. ಬೂದಿ ಹೆಚ್ಚಾದರೆ ಕೆಂಡ ಉಸಿರುಕಟ್ಟಿ ಸಾಯುತ್ತದೆ, ಕಡಿಮೆಯಾದರೆ ರಾತ್ರಿಯೇ ಉರಿದು ಮುಗಿಯುತ್ತದೆ. ಹೆದರಿಕೆಗೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಬೂದಿ ಸರಿಸಿದಾಗ ಒಳಗೆ ಒಂದು ಬಟಾಣಿಕಾಳಿನಷ್ಟು ಕೆಂಪು ಕಂಡಿತು. ಇದೆ ಎಂದು ಕೂಗಿದೆ. ಅವನು ಗೋಡೆಯ ಕಡೆ ಮಗ್ಗುಲಾದದ್ದು ಮಂಚದ ಸದ್ದಿನಲ್ಲೇ ತಿಳಿಯಿತು.

ಬೇಸಗೆ ಮುಗಿದು ಹೊತ್ತು ಬೇಗ ಮುಳುಗತೊಡಗಿದ ಮೇಲೆ ಕೆಲಸ ಇನ್ನೂ ಬಿಗಿಯಾಯಿತು. ಗ್ಲಾಸ್ಗೋದಲ್ಲಿ ಗೆಳತಿಯ ಮಗಳ ಮದುವೆ ಇತ್ತು, ಹೋಗಲಾಗಲಿಲ್ಲ. ಜ್ವರ ಬಂದರೂ ಕೂರಬೇಕು, ಕೈಗೆ ಬಿಸಿ ತಗುಲಿದರೂ ಕೂರಬೇಕು. ಅಣ್ಣ ಇದನ್ನು ಹುಡುಗನಾಗಿದ್ದಾಗಿನಿಂದ ಮಾಡುತ್ತಿದ್ದ. ಅಪ್ಪ ಸತ್ತ ರಾತ್ರಿ ಮಾಡಿದ. ಕಡಲಾಚೆಯಿಂದ ಒಬ್ಬಳು ಕಾಗದ ಬರೆದು ಬರಹೇಳಿದ್ದಳಂತೆ, ಆ ರಾತ್ರಿಯೂ ಮಾಡಿದ. ಬೆಚ್ಚಗೆ ಮಲಗಿದವರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ? ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಅದು ನಾನೇ.

ಅಷ್ಟರಲ್ಲಿ ಊರಿನವರು ಸಂಭ್ರಮ ಇಟ್ಟುಕೊಂಡರು. ಪೆಟ್ಟಿಗೆ ಮೊದಲ ಸಲ ಗೆದ್ದಿದೆ, ಕೇಕು ಬೇಡವೇ, ಭಾಷಣ ಬೇಡವೇ. ಹಾಲ್‌ನಲ್ಲಿ ಹ್ಯಾಮ್ ಸ್ಯಾಂಡ್‌ವಿಚ್‌ಗಳ ರಾಶಿ. ಫೆರ್ಗಲ್ ಮಾಸ್ತರರು ಏಡ್ ಎಂಬ ಅರಸರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಯಾರು ಯಾರನ್ನು ಕೊಂದ, ಯಾರ ತಲೆ ಯಾರ ಕೈಗೆ ಬಂತು ಎಂದೆಲ್ಲ ಹೇಳಿ, ಬೆಂಕಿ ಎಂಬ ಹೆಸರು ಆರುವುದಿಲ್ಲ ಎಂದು ಮುಗಿಸಿದರು. ಚಪ್ಪಾಳೆ. ಅಣ್ಣನನ್ನು ಹೊರಗೆ ಕರೆದೊಯ್ದು ಪೆಟ್ಟಿಗೆಯ ಕೆಳಗೆ ನಿಲ್ಲಿಸಿ ಪತ್ರಿಕೆಗೆ ಫೋಟೋ ತೆಗೆದರು. ಎರಡು ಮಾತಾಡು ಎಂದು ಶಾರ್ಲಸ್ ಬೆನ್ನು ತಟ್ಟಿದ.

ಅಣ್ಣ ತಲೆ ಎತ್ತಿ ಆ ಮೂರು ಅಕ್ಷರಗಳನ್ನು ನೋಡಿದ. "ನನ್ನ ಹೆಸರು ಇಟ್ಕೊಂಡು ನನ್ನನ್ನೇ ಒಂದು ಮಾತು ಕೇಳ್ಲಿಲ್ಲ, ನೋಡಿ," ಎಂದ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಒಳಗೆ ಹೋದೆ. ಗೋಡೆಯ ಕಡೆ ತಿರುಗಿ ನಿಂತು ಅದೇ ಹಾಳು ಬೆಣ್ಣೆಯನ್ನು ಮತ್ತೆ ಸವರತೊಡಗಿದೆ.

ಚಳಿಗಾಲದ ನಡುವೆ ನನಗೆ ಫ್ಲೂ ಬಂತು. ಎದ್ದು ಕೂರಲೂ ಆಗದ ಜ್ವರ. ಕೆಂಡ ಮುಚ್ಚಬೇಕು ಎಂದು ಗೊಣಗುತ್ತಲೇ ನಿದ್ದೆ ಹೋದೆನಂತೆ. ಬೆಳಗ್ಗೆ ಅಡುಗೆಮನೆಯಿಂದ ಸಲಿಕೆಯ ಸದ್ದು ಕೇಳಿತು. ಆಮೇಲೆ, ಎಷ್ಟೋ ತಿಂಗಳ ಮೇಲೆ, ಆ ಕೂಗು.

"ಇದೆ."

ಅವನು ಚಹಾ ತಂದು ಹಾಸಿಗೆಯ ಅಂಚಿನಲ್ಲಿ ಕೂತ. ಕಪ್ಪು ಚಹಾ, ಸಕ್ಕರೆ ಜಾಸ್ತಿ, ಯಾವಾಗಲೂ ಅವನು ಮಾಡುವ ಹಾಗೆಯೇ. ಕ್ಷಮಿಸು ಎಂದೆ. ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ತಾನು ಮುಂಚೆ ಹೋದರೆ ನಾನು ಒಬ್ಬಳೇ ಆಗುತ್ತೇನೆ ಎಂಬುದು ತನಗೂ ಗೊತ್ತು ಎಂದ ಅವನು. ಆದರೆ ಅದಕ್ಕೋಸ್ಕರ ತಾನು ಎಷ್ಟು ಸಲ ಸಾಯಬೇಕು ಎಂದು ಕೇಳಿದ. ಕೋಪದಿಂದ ಕೇಳಲಿಲ್ಲ. ಲೆಕ್ಕ ಕೇಳುವವನ ಹಾಗೂ ಕೇಳಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ.

"ಮುಂದಿನ ಸಲ ಏನ್ಮಾಡ್ತೀಯ?" ಎಂದ.

ಅಡ್ಡಗೋಡೆಯ ಮೇಲೆ ದೀಪ ಇಡುವ ಹಾಗೆ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. "ನನ್ನ ಮಾತು ನಂಬ್ಬೇಡ ಹ್ಯೂಯಿ," ಎಂದೆ. "ನಾನು ಬಿಡ್ತೀನಿ ಅಂತಲೇ ಕೂತಿದ್ದೆ. ಈ ಕೈಗಳು ಬಿಡಲ್ಲ. ಕಟ್ಟಿ ಹಾಕ್ಬೇಕು ಇವನ್ನ."

ಅವನು ನನ್ನ ಕೈಗಳನ್ನು ನೋಡಿದ. ಸುಟ್ಟ ಕಲೆಗಳು ಆಗ ಎರಡರ ಮೇಲೂ ಇದ್ದವು, ಅವನ ಕೈಗಳ ಮೇಲಿದ್ದಂಥವೇ.

"ಕಟ್ಟೋದು ಯಾಕೆ," ಎಂದ. "ನನ್ನ ಕೈ ಹಿಡ್ಕೊ. ಎರಡೂ ಕೈಲಿ ಹಿಡ್ಕೊ. ಆಗ ಅವಕ್ಕೂ ಕೆಲಸ ಇರುತ್ತೆ."

ಇಕ್ಕಳ ಅಡುಗೆಮನೆಯಲ್ಲೇ ಇತ್ತು. ನಾವಿಬ್ಬರೂ ಅದನ್ನು ತರಲಿಲ್ಲ. ನಾನು ಚಹಾ ಕುಡಿದೆ. ಅಂದು ರಾತ್ರಿಯಿಂದ ಕೆಂಡ ಮುಚ್ಚುವುದು ಒಂದು ದಿನ ಅವನು, ಒಂದು ದಿನ ನಾನು. ಅಷ್ಟು ಸುಲಭದ ಏರ್ಪಾಡು ನಮ್ಮ ವಂಶದಲ್ಲಿ ಯಾರಿಗೂ ಹೊಳೆದಿರಲಿಲ್ಲ ಎಂದು ಇಬ್ಬರೂ ನಕ್ಕೆವು. ಒಂದು ಶನಿವಾರ ಅವನು ಶಾರ್ಲಸನ ಜೊತೆ ಪಕ್ಕದ ದ್ವೀಪಕ್ಕೆ ಹೋಗಿ ಅಲ್ಲೇ ಮಲಗಿ ಮರುದಿನ ಬಂದ. ಆಸ್ಪತ್ರೆ ಬಿಟ್ಟರೆ, ಜೀವಮಾನದಲ್ಲಿ ಮೊದಲ ಸಲ ಹೊರಗೆ ಕಳೆದ ರಾತ್ರಿ ಅದು. ಹಾಸಿಗೆ ಗಟ್ಟಿಯಿತ್ತು, ಮೀನು ಚೆನ್ನಾಗಿತ್ತು ಎಂದ. ಒಂದು ವಾರ ಅದನ್ನೇ ಹೇಳಿದ.

ಮಾರ್ಚಿನ ಒಂದು ಬೆಳಗ್ಗೆ ಅವನ ಸರದಿ. ನಾನು ಏಪ್ರನ್ ಕಟ್ಟಿಕೊಳ್ಳುತ್ತ ಬರುತ್ತಿದ್ದೆ. ಅವನು ಬೂದಿ ಸರಿಸಿದ್ದು ಕೇಳಿತು, ಇದೆ ಎಂದದ್ದೂ ಕೇಳಿತು. ಇಕ್ಕಳ ನೆಲಕ್ಕೆ ಬಿದ್ದ ಸದ್ದು ಆಮೇಲೆ. ಬಾಗಿಲಿಗೆ ಬಂದು ನೋಡಿದರೆ ಕುರ್ಚಿಯಲ್ಲಿ ಒರಗಿ ಕೂತಿದ್ದ, ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ಒಂದು ಸಲ ಗೊರಕೆಯ ಹಾಗೆ ಎಳೆಯಿತು. ಮತ್ತೆ ಎಳೆಯಲಿಲ್ಲ.

ಫೋನು ಜೇಬಿನಲ್ಲಿತ್ತು. ಹಾಲ್ ಇರುವುದು ರಸ್ತೆಯ ಆಚೆ. ಶಾರ್ಲಸ್ ಮನೆಯಲ್ಲೇ ಇದ್ದಾನೆಂದೂ ಗೊತ್ತು. ಇಷ್ಟೂ ಒಂದೇ ಏಟಿಗೆ ತಲೆಗೆ ಬಂತು, ಕೈಗಳು ಆಗಲೇ ಅವನ ಎದೆಯ ಕಡೆ ಹೊರಟಿದ್ದವು. ಅವನ್ನು ದಾರಿಯಲ್ಲೇ ತಡೆದು ಅವನ ಬಲಗೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವನ ಬೆರಳಿಗೆ ಬೂದಿ ಮೆತ್ತಿತ್ತು. ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಹೋಗು ಹ್ಯೂಯಿ, ರಜಾ ತಗೋ ಎಂದೆ. ಅಳುತ್ತ ಹೇಳಿದೆ, ಆದರೆ ಹೇಳಿದೆ.

ಒಲೆಯಲ್ಲಿ ಅವನು ಬಿಚ್ಚಿಟ್ಟ ಕೆಂಡ ನನ್ನ ಕಣ್ಣೆದುರಿಗೇ ಇತ್ತು. ಬೂದಿ ಸರಿಸಿದ್ದ, ಅದರ ಮೇಲೆ ಹೆಂಟೆ ಇಟ್ಟಿರಲಿಲ್ಲ. ಬಿಚ್ಚಿದ ಕೆಂಡಕ್ಕೆ ಬೇಗ ಏನಾದರೂ ಕೊಡಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ. ಹೆಂಟೆಯ ಬುಟ್ಟಿ ಒಲೆಯ ಆ ಬದಿಗಿತ್ತು, ಎದ್ದು ಎರಡು ಹೆಜ್ಜೆ ಹೋದರೆ ಆಯಿತು. ಆದರೆ ಅವನ ಕೈ ಬಿಟ್ಟರೆ ನನ್ನ ಕೈಗಳು ಬುಟ್ಟಿಗೆ ಹೋಗುತ್ತವೋ, ಅವನ ಎದೆಗೆ ಹೋಗುತ್ತವೋ, ನಾನು ಹೇಳಲಾರೆ. ಹಾಗಾಗಿ ಬಿಡಲಿಲ್ಲ. ಕೆಂಪು ಮಾಸಿತು. ಅಂಚಿಗೆ ಬಿಳಿ ಬಂತು. ಅಜ್ಜನ ಅಜ್ಜ ಇಟ್ಟದ್ದು, ಬರಗಾಲದಲ್ಲಿ ಹೊಟ್ಟೆಗಿಲ್ಲದವರು ಕಾದದ್ದು, ನನ್ನ ಅಣ್ಣ ಮದುವೆಯಾಗದೆ ಕಾದದ್ದು, ನನ್ನ ಎದುರಿಗೇ ತಣ್ಣಗಾಯಿತು. ನೋಡುತ್ತ ಕೂತಿದ್ದೆ.

ಬಹಳ ಹೊತ್ತಿನ ಮೇಲೆ ಶಾರ್ಲಸ್ ಬಾಗಿಲು ತಳ್ಳಿಕೊಂಡು ಬಂದ. ನಮ್ಮ ಚಿಮಣಿಯಲ್ಲಿ ಹೊಗೆ ಕಾಣಲಿಲ್ಲವೆಂದು ಅವನ ತಾಯಿ ಕಳಿಸಿದ್ದಳಂತೆ. ಅಣ್ಣನನ್ನು ನೋಡಿದ, ಹಿಡಿದ ಕೈಗಳನ್ನು ನೋಡಿದ, ನನ್ನ ಜೇಬು ಫೋನಿನ ಭಾರಕ್ಕೆ ಜೋತಿದ್ದದ್ದನ್ನು ನೋಡಿದ. ಪೆಟ್ಟಿಗೆ ತರಲೆಂದು ಬಾಗಿಲ ಕಡೆ ಅರ್ಧ ತಿರುಗಿದವನು ಒಲೆಯ ಮೇಲೆ ಕಣ್ಣು ಬಿದ್ದು ನಿಂತುಬಿಟ್ಟ.

"ಎಷ್ಟು ಹೊತ್ತಾಯ್ತು, ನಾಬ್ಲಾ?"

"ಕೆಂಡ ಆರೋವಷ್ಟು," ಎಂದೆ. ಮುಚ್ಚಿಡಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. "ಬೇಡ ಅಂದಿದ್ದ, ಶಾರ್ಲಸ್. ಹೋದ ಸಲಾನೂ ಬೇಡ ಅಂದಿದ್ದ. ನಿಮಗ್ಯಾರಿಗೂ ಹೇಳ್ಲಿಲ್ಲ."

ಅವನು ಬೈಯುತ್ತಾನೆಂದೇ ಕೂತೆ. ಮರಳಿನ ಮೇಲೆ ಕೂತು ಅತ್ತವನು ಅವನು. ಫೋಟೋವನ್ನು ಪತ್ರಿಕೆಯಿಂದ ಕತ್ತರಿಸಿ ದೋಣಿಯಲ್ಲಿ ಅಂಟಿಸಿಕೊಂಡವನು. ಪೆಟ್ಟಿಗೆಯ ಕೆಳಗೆ ಅಣ್ಣ ಆಡಿದ ಮಾತು ಆಗ ಅವನಿಗೆ ನೆನಪಾಯಿತೆಂದು ತೋರುತ್ತದೆ. ನಾವೆಲ್ಲ ನಕ್ಕೆವಲ್ಲ ಎಂದ, ತನಗೆ ತಾನೇ ಎಂಬಂತೆ. ಟೋಪಿ ತೆಗೆದು ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ನನ್ನ ಹತ್ತಿರ ಬಗ್ಗಿ, ಏಪ್ರನ್ನಿನ ಜೇಬಿನಿಂದ ಫೋನನ್ನು ಮೆಲ್ಲಗೆ ಎತ್ತಿ ತನ್ನ ಕೋಟಿಗೆ ಹಾಕಿಕೊಂಡ. ಇನ್ನು ಇದು ನನ್ನ ಹತ್ತಿರ ಇರಲಿ ಎಂದು, ಒಲೆಯ ಪಕ್ಕದ ಸಲಿಕೆ ತೆಗೆದುಕೊಂಡು ಹೊರಗೆ ಹೋದ.

ವಾಪಸು ಬಂದಾಗ ಸಲಿಕೆಯ ತುಂಬ ಕೆಂಡವಿತ್ತು. ಗಾಳಿಗೆ ತನ್ನ ಟೋಪಿಯನ್ನು ಅಡ್ಡ ಹಿಡಿದಿದ್ದ. ಅವನ ಹಿಂದೆ, ಕೋಲೂರಿಕೊಂಡು, ಮನೆಯೊಳಗಿನ ಚಪ್ಪಲಿಯಲ್ಲೇ ಮುದುಕಿ ಪೆಗ್ಗಿ. ಅವಳು ಹೊಸಿಲ ಹೊರಗೇ ನಿಂತು ಉಸಿರು ತಿರುಗಿಸಿಕೊಂಡಳು.

"ನಾಬ್ಲಾ, ಇದು ನಿಮ್ಮನೇದೇ ಕಣೆ," ಎಂದಳು. "ನಾನು ಮದುವೆ ದಿನ ಇಲ್ಲಿಂದ ತಗೊಂಡು ಹೋಗಿದ್ದು. ಆರೋದಕ್ಕೆ ಬಿಟ್ಟಿಲ್ಲ."

ಸಲಿಕೆ ಹಿಡಿಯಲು ಎರಡು ಕೈ ಬೇಕಿತ್ತು. ನಾನು ಆಗ ಅಣ್ಣನ ಕೈಯನ್ನು ಅವನ ಮಡಿಲಲ್ಲಿ ಇಟ್ಟು ಎದ್ದೆ.